ಆಟೋಮೌಂಟ್ ಪಟ್ಟಿಯ ಮೂರು ಪಾಠಗಳು: ಆರ್‌ಎಫ್‌ಸಿ ೨೩೦೭ನ್ನು ಕುರಿತು ಒಂದು ವಿಮರ್ಶೆ

೧

ಇಂಟರ್‌ನೆಟ್ಟಿನ ತಾಂತ್ರಿಕ ಲೇಖ್ಯಮಾಲೆಯಲ್ಲಿ ೨೩೦೭ ಎಂಬ ಸಂಖ್ಯೆಯನ್ನು ಹೊತ್ತ ಲೇಖ್ಯವು ೧೯೯೮ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಪ್ರಕಟವಾಯಿತು. ಅದರ ಕರ್ತೃ ಲ್ಯೂಕ್ ಹೊವಾರ್ಡ್. ಯೂನಿಕ್ಸ್ ಜಾತಿಯ ಗಣಕಗಳು ತಮ್ಮ ಬಳಕೆದಾರರ ಹೆಸರು, ಗುಂಪು, ಯಂತ್ರಗಳ ವಿಳಾಸ ಮೊದಲಾದುವನ್ನು ಅದುವರೆಗೆ ಎನ್‌ಐಎಸ್ ಎಂಬ ಜಾಲಸೇವೆಯಿಂದ ಪಡೆಯುತ್ತಿದ್ದುವು. ಅದೇ ಮಾಹಿತಿಯನ್ನು ಎಲ್‌ಡ್ಯಾಪ್ ಎಂಬ ಡೈರೆಕ್ಟರಿ ಸೇವೆಯಲ್ಲಿ ಇರಿಸುವುದು ಹೇಗೆಂಬುದೇ ಈ ಲೇಖ್ಯದ ವಸ್ತು. ಲೇಖ್ಯವು ತನ್ನನ್ನು ಪ್ರಾಯೋಗಿಕವೆಂದು ಕರೆದುಕೊಂಡಿದೆ. ಅದಕ್ಕೆ ಪ್ರಮಾಣದ ಪದವಿ ದೊರೆತಿಲ್ಲ. ಆದರೂ ಕಳೆದ ಕಾಲು ಶತಮಾನಕ್ಕೂ ಮಿಕ್ಕ ಅವಧಿಯಲ್ಲಿ ಅಸಂಖ್ಯಾತ ಸಂಸ್ಥೆಗಳ ಗಣಕಜಾಲಗಳು ಇದನ್ನೇ ಆಧಾರವಾಗಿ ಹಿಡಿದು ನಡೆದಿವೆ.

ಈ ಲೇಖ್ಯದ ಒಂದು ಅಂಶವನ್ನು ಮಾತ್ರ ಇಲ್ಲಿ ಪರಾಮರ್ಶಿಸಲು ನಾವು ಉದ್ದೇಶಿಸಿದ್ದೇವೆ. ದೂರದ ಗಣಕದಲ್ಲಿರುವ ಕಡತವ್ಯವಸ್ಥೆಯನ್ನು ಬೇಕಾದಾಗ ತಾನಾಗಿ ತಂದು ಜೋಡಿಸುವ ಆಟೋಮೌಂಟರ್ ಎಂಬ ಸಾಧನಕ್ಕೆ ಬೇಕಾದ ಪಟ್ಟಿಗಳನ್ನು ಡೈರೆಕ್ಟರಿಯಲ್ಲಿ ಹೇಗೆ ಬರೆದಿಡಬೇಕು ಎಂಬುದೇ ಆ ಅಂಶ. ಇತಿಹಾಸದ ಅಧ್ಯಯನಕ್ಕೂ ಇದಕ್ಕೂ ಏನು ಸಂಬಂಧವೆಂಬ ಪ್ರಶ್ನೆ ಏಳುವುದು ಸಹಜ. ದಾಖಲೆಯನ್ನು ಯಾರು ಬರೆದರು, ಯಾವ ರೂಪದಲ್ಲಿ ಬರೆದರು, ಒಂದು ರೂಪದಿಂದ ಇನ್ನೊಂದಕ್ಕೆ ಸಾಗುವಾಗ ಯಾವುದು ಉಳಿಯಿತು, ಯಾವುದು ಅಳಿಯಿತು ಎಂಬ ವಿಚಾರಣೆ ನಮ್ಮ ಶಾಸ್ತ್ರದ ನಿತ್ಯಕರ್ಮ. ಮುಂದಿನ ಕಾಲದ ಇತಿಹಾಸಕಾರನು ಪರಿಶೀಲಿಸಬೇಕಾದ ದಾಖಲೆಗಳು ಇಂಥ ವ್ಯವಸ್ಥೆಗಳ ಒಳಗೇ ಇರುತ್ತವೆ. ಆದ್ದರಿಂದ ಅವುಗಳ ಕಟ್ಟಡವನ್ನು ತಂತ್ರಜ್ಞರಿಗೇ ಬಿಟ್ಟು ನಾವು ಸುಮ್ಮನಿರುವುದು ಉಚಿತವಲ್ಲ.

೨

ಮೊದಲು ಪೂರ್ವೇತಿಹಾಸವನ್ನು ಸಂಗ್ರಹವಾಗಿ ಹೇಳಬೇಕು. ೧೯೮೦ರ ದಶಕದ ಮಧ್ಯಭಾಗದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಎನ್‌ಎಫ್‌ಎಸ್ ಎಂಬ ವಿಧಾನವನ್ನು ಬಳಕೆಗೆ ತಂದಿತು. ಒಂದು ಗಣಕದ ಡಿಸ್ಕಿನಲ್ಲಿರುವ ಕಡತಗಳನ್ನು ಇನ್ನೊಂದು ಗಣಕವು ತನ್ನವೇ ಎಂಬಂತೆ ಬಳಸಲು ಇದರಿಂದ ಸಾಧ್ಯವಾಯಿತು. ಆದರೆ ಎಲ್ಲ ಗಣಕಗಳೂ ಎಲ್ಲ ಕಡತವ್ಯವಸ್ಥೆಗಳನ್ನೂ ಸದಾ ಜೋಡಿಸಿಕೊಂಡಿದ್ದರೆ, ಒಂದು ಸರ್ವರ್ ಕೆಟ್ಟಾಗ ಅದರೊಡನೆ ಕೆಲಸವಿಲ್ಲದ ಗಣಕಗಳೂ ಸ್ತಬ್ಧವಾಗುವ ಸಂಭವವಿತ್ತು. ಇದಕ್ಕೆ ಪರಿಹಾರವಾಗಿ ಬಂದುದೇ ಆಟೋಮೌಂಟರ್. ಬ್ರೆಂಟ್ ಕ್ಯಾಲಹನ್ ಮತ್ತು ಟಾಮ್ ಲಯನ್ ಇವರು ೧೯೮೯ರಲ್ಲಿ ಯೂಸೆನಿಕ್ಸ್ ಸಮ್ಮೇಳನದ ಪ್ರಬಂಧವೊಂದರಲ್ಲಿ ಅದನ್ನು ವಿವರಿಸಿದರು. ಬಳಕೆದಾರನು ಒಂದು ಕಡತಕೋಶದ ಹೆಸರನ್ನು ಹೇಳಿದಾಗ ಮಾತ್ರ ಅದು ಎಲ್ಲಿದೆಯೆಂದು ಪಟ್ಟಿಯಲ್ಲಿ ಹುಡುಕಿ ಜೋಡಿಸುವುದು, ಕೆಲಕಾಲ ಯಾರೂ ಬಳಸದಿದ್ದರೆ ಕಳಚಿಹಾಕುವುದು: ಇದು ಅದರ ಕ್ರಮ.

ಆ ಪಟ್ಟಿಗೆ ಮ್ಯಾಪ್ ಎಂದು ಹೆಸರು. ಇಲ್ಲಿ ಭೂಪಟದ ಅರ್ಥವಿಲ್ಲ. ಇದು ಎರಡು ಮೂರು ಕಾಲಮುಗಳ ಒಂದು ಕೋಷ್ಟಕ. ಪ್ರತಿ ಸಾಲಿನಲ್ಲಿಯೂ ಮೊದಲು ಒಂದು ಕೀಲಿಪದ, ಬಳಿಕ ಬೇಕಿದ್ದರೆ ಕೆಲವು ವಿಕಲ್ಪಗಳು, ಕೊನೆಯಲ್ಲಿ ಸರ್ವರಿನ ಹೆಸರೂ ಅಲ್ಲಿಯ ದಾರಿಯೂ ಇರುತ್ತವೆ. ಯಾವ ಯಾವ ಪಟ್ಟಿಗಳು ಎಲ್ಲಿಗೆ ಅನ್ವಯಿಸುತ್ತವೆ ಎಂಬುದನ್ನು ಮೂಲಪಟ್ಟಿಯೊಂದು ಹೇಳುತ್ತದೆ. ಈ ಪಟ್ಟಿಗಳನ್ನು ಪ್ರತಿ ಗಣಕದಲ್ಲಿಯೂ ಕೈಯಿಂದ ಬರೆಯುವ ಶ್ರಮವನ್ನು ತಪ್ಪಿಸಲು ಎನ್‌ಐಎಸ್ ಮೂಲಕ ಹಂಚುವ ರೂಢಿ ಬೆಳೆಯಿತು. ಎನ್‌ಐಎಸ್ಸಿನ ಮೊದಲ ಹೆಸರು ಯೆಲ್ಲೋ ಪೇಜಸ್. ಆ ಹೆಸರು ಬ್ರಿಟನ್ನಿನಲ್ಲಿ ಬ್ರಿಟಿಷ್ ಟೆಲಿಕಾಂ ಸಂಸ್ಥೆಯ ವ್ಯಾಪಾರಮುದ್ರೆಯಾಗಿದ್ದುದರಿಂದ ಅದನ್ನು ಬಿಡಬೇಕಾಯಿತು. ಆದರೆ ಅದರ ಆಜ್ಞೆಗಳ ಹೆಸರಿನ ಮೊದಲಿಗೆ ವೈಪಿ ಎಂಬ ಎರಡಕ್ಷರಗಳು ಹಾಗೆಯೇ ಉಳಿದುಕೊಂಡುವು. ಊರಿನ ಹೆಸರು ಬದಲಾದರೂ ಹಳೆಯ ಶಾಸನದಲ್ಲಿ ಹಿಂದಿನ ಹೆಸರು ಉಳಿಯುವಂತೆ ಇದು.

ಎನ್‌ಐಎಸ್ಸಿನ ದೋಷಗಳು ಸುವಿದಿತ. ಪಟ್ಟಿಯ ಒಂದು ಸಾಲು ಬದಲಾದರೂ ಇಡೀ ಪಟ್ಟಿಯನ್ನು ಮತ್ತೆ ಸಿದ್ಧಪಡಿಸಿ ಉಪಸರ್ವರುಗಳಿಗೆ ಕಳುಹಿಸಬೇಕು. ಕೇಳುವವನು ಯಾರೆಂದು ಪರೀಕ್ಷಿಸುವ ದೃಢವಾದ ಏರ್ಪಾಡು ಅದರಲ್ಲಿಲ್ಲ. ಇದಕ್ಕೆ ಪ್ರತಿಯಾಗಿ ಡೈರೆಕ್ಟರಿ ಸೇವೆಯಲ್ಲಿ ಒಂದೊಂದು ನಮೂದನ್ನೂ ಬೇರೆಯಾಗಿ ತಿದ್ದಬಹುದು. ಯಾರು ಓದಬಹುದು, ಯಾರು ಬರೆಯಬಹುದು ಎಂದು ನಿಯಮಿಸಬಹುದು. ಸಂವಹನವನ್ನು ಗೂಢಲಿಪಿಯಿಂದ ರಕ್ಷಿಸಬಹುದು. ಎಲ್‌ಡ್ಯಾಪ್ ವಿಧಾನವು ೧೯೯೩ರಲ್ಲಿ ಮೊದಲು ಲೇಖ್ಯರೂಪಕ್ಕೆ ಬಂದಿತು. ಅದರ ಮೂರನೆಯ ಆವೃತ್ತಿ ೧೯೯೭ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಮರುವರ್ಷವೇ ಹೊವಾರ್ಡರ ಲೇಖ್ಯ ಬಂದುದು ಆಕಸ್ಮಿಕವಲ್ಲ. ಕಾಲಕ್ಕೆ ತಕ್ಕ ಪ್ರಯತ್ನ ಅದು. ರೆಡ್ ಹ್ಯಾಟ್ ಸಂಸ್ಥೆಯು ತನ್ನ ಲಿನಕ್ಸಿನ ಒಂಬತ್ತನೆಯ ಆವೃತ್ತಿಯಿಂದ, ಎಂದರೆ ೨೦೨೨ರಲ್ಲಿ, ಎನ್‌ಐಎಸ್ಸನ್ನು ತೆಗೆದುಹಾಕಿದುದನ್ನು ಗಮನಿಸಿದರೆ ಈ ಪ್ರಯತ್ನದ ದೂರದೃಷ್ಟಿ ವೇದ್ಯವಾಗುತ್ತದೆ.

೩

ಈಗ ಲೇಖ್ಯದ ಗುಣದೋಷಗಳಿಗೆ ಬರೋಣ. ಹೊವಾರ್ಡರು ಒಟ್ಟು ಹದಿಮೂರು ವರ್ಗಗಳನ್ನು ಏರ್ಪಡಿಸಿದ್ದಾರೆ. ಬಳಕೆದಾರನಿಗೊಂದು, ಗುಂಪಿಗೊಂದು, ಯಂತ್ರಕ್ಕೊಂದು, ಜಾಲಕ್ಕೊಂದು ಹೀಗೆ ವಸ್ತುವಿನ ಸ್ವಭಾವವನ್ನು ಅರಿತು ವರ್ಗೀಕರಿಸಿರುವುದು ಶ್ಲಾಘ್ಯ. ಆದರೆ ಆಟೋಮೌಂಟರಿಗೆ ತನ್ನದೇ ಆದ ವರ್ಗವೊಂದು ಈ ಹದಿಮೂರರಲ್ಲಿ ಇಲ್ಲ. ಹೆಸರಿಸದೆ ಉಳಿದ ಯಾವುದೇ ಪಟ್ಟಿಯನ್ನೂ ಹಿಡಿಸಬಲ್ಲ ನಿಸ್‌ಮ್ಯಾಪ್, ನಿಸ್‌ಆಬ್ಜೆಕ್ಟ್ ಎಂಬ ಎರಡು ಸಾಮಾನ್ಯ ವರ್ಗಗಳಿವೆ. ಆಟೋಮೌಂಟ್ ಪಟ್ಟಿಗಳು ಇವುಗಳ ಆಶ್ರಯವನ್ನೇ ಪಡೆಯಬೇಕಾಯಿತು. ಕೀಲಿಪದವನ್ನು ಸಿಎನ್ ಎಂಬ ಲಕ್ಷಣದಲ್ಲಿಯೂ, ಉಳಿದ ಇಡೀ ಸಾಲನ್ನು ನಿಸ್‌ಮ್ಯಾಪ್‌ಎಂಟ್ರಿ ಎಂಬ ಲಕ್ಷಣದಲ್ಲಿಯೂ ಬರೆಯುವುದು ಇಲ್ಲಿಯ ಕ್ರಮ. ಇದನ್ನು ಮೊದಲನೆಯ ಪಾಠವೆಂದು ಕರೆಯೋಣ.

ಈ ಪಾಠದ ಮುಖ್ಯ ದೋಷ ಸಿಎನ್ ಲಕ್ಷಣದಲ್ಲಿದೆ. ಅದನ್ನು ಹೋಲಿಸುವಾಗ ರೋಮನ್ ಲಿಪಿಯ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವನ್ನು ಲೆಕ್ಕಿಸುವುದಿಲ್ಲ. ಯೂನಿಕ್ಸಿನ ಕಡತವ್ಯವಸ್ಥೆಯಾದರೋ ಆ ಭೇದವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತದೆ. ಆದಕಾರಣ ಕಡತವ್ಯವಸ್ಥೆಯಲ್ಲಿ ಬೇರೆ ಬೇರೆಯಾದ ಎರಡು ಹೆಸರುಗಳು ಡೈರೆಕ್ಟರಿಯಲ್ಲಿ ಒಂದೇ ಆಗಿಬಿಡುತ್ತವೆ. ನಮ್ಮ ಲಿಪಿಯಲ್ಲಿ ಇಂಥ ಭೇದವೇ ಇಲ್ಲವಾದುದರಿಂದ ಇದು ಕ್ಷುಲ್ಲಕವೆಂದು ತೋರಬಹುದು. ಆದರೆ ಅಲ್ಪಪ್ರಾಣ ಮಹಾಪ್ರಾಣಗಳನ್ನು ಒಂದೇ ಎಂದು ಎಣಿಸುವ ನಿಘಂಟೊಂದನ್ನು ಕಲ್ಪಿಸಿಕೊಂಡರೆ ಇದರ ತೊಡಕು ಅರಿವಾಗುತ್ತದೆ.

ಎರಡನೆಯ ದೋಷ ನಮಗೆ ಇನ್ನೂ ಹತ್ತಿರದ್ದು. ನಿಸ್‌ಮ್ಯಾಪ್‌ಎಂಟ್ರಿಯ ಮೌಲ್ಯಕ್ಕೆ ಐಎ೫ ಎಂಬ ಅಕ್ಷರಮಾಲೆಯನ್ನು ವಿಧಿಸಲಾಗಿದೆ. ಅದರಲ್ಲಿ ೧೨೮ ಸಂಕೇತಗಳು ಮಾತ್ರ ಉಂಟು, ಅವೂ ರೋಮನ್ ಲಿಪಿಗೆ ಸಂಬಂಧಿಸಿದುವು. ೧೦೨೪ ಅಕ್ಷರಗಳೆಂಬ ಉದ್ದದ ಸೂಚನೆಯೂ ಅಲ್ಲಿದೆ. ಸಿಎನ್ ಲಕ್ಷಣವು ಯೂನಿಕೋಡನ್ನು ಒಪ್ಪುವುದರಿಂದ ಕೀಲಿಪದವನ್ನು ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ. ಆದರೆ ಆ ಕೀಲಿಪದವು ತೋರಿಸುವ ದಾರಿಯಲ್ಲಿ ಒಂದು ಕನ್ನಡ ಅಕ್ಷರವಿದ್ದರೂ ನಿಯಮದಂತೆ ಅದನ್ನು ಬರೆಯಲಾಗದು. ಮನೆಯ ಯಜಮಾನನ ಹೆಸರನ್ನು ಕನ್ನಡದಲ್ಲಿ ಬರೆಯಿರಿ, ವಿಳಾಸವನ್ನು ಮಾತ್ರ ಬೇಡ ಎಂದಂತಾಯಿತು. ಎನ್‌ಎಫ್‌ಎಸ್ಸಿನ ನಾಲ್ಕನೆಯ ಆವೃತ್ತಿಯು ಕಡತಗಳ ಹೆಸರಿಗೆ ಯೂನಿಕೋಡನ್ನು ಅಂಗೀಕರಿಸಿರುವಾಗ, ಕಡತವ್ಯವಸ್ಥೆಗೆ ಇಲ್ಲದ ಇಕ್ಕಟ್ಟನ್ನು ಅದರ ಪಟ್ಟಿ ತಂದೊಡ್ಡುವುದು ಯುಕ್ತವಲ್ಲ. ೧೯೯೮ರ ಎನ್‌ಐಎಸ್ ಪಟ್ಟಿಗಳನ್ನು ಇದ್ದಂತೆಯೇ ಒಯ್ಯುವುದು ಲೇಖಕರ ಉದ್ದೇಶವಾಗಿದ್ದುದರಿಂದ ದೋಷವನ್ನು ಪೂರ್ತಿಯಾಗಿ ಅವರ ಮೇಲೆ ಹೊರಿಸಲಾಗದು. ಆದರೆ ದೋಷವು ದೋಷವೇ.

೪

ಅನಂತರದ ವರ್ಷಗಳಲ್ಲಿ ಈ ಕೊರತೆಗಳನ್ನು ನೀಗಿಸಲು ಹೊವಾರ್ಡರೇ ಪರಿಷ್ಕೃತ ಪಾಠವೊಂದನ್ನು ಸಿದ್ಧಪಡಿಸಲು ತೊಡಗಿದರು. ೨೩೦೭ ಬಿಸ್ ಎಂದು ಅದರ ಹೆಸರು. ೨೦೦೯ರ ಕರಡಿನಲ್ಲಿ ಹೊವಾರ್ಡ್ ಚೂ ಅವರ ಹೆಸರೂ ಸೇರಿದೆ. ಇದರಲ್ಲಿ ಆಟೋಮೌಂಟರಿಗೆ ಸ್ವಂತ ಸ್ಥಾನ ದೊರೆಯಿತು. ಪಟ್ಟಿಗೆ ಆಟೋಮೌಂಟ್‌ಮ್ಯಾಪ್ ವರ್ಗ, ಸಾಲಿಗೆ ಆಟೋಮೌಂಟ್ ವರ್ಗ. ಪಟ್ಟಿಯ ಹೆಸರಿಗೆ ಆಟೋಮೌಂಟ್‌ಮ್ಯಾಪ್‌ನೇಮ್, ಕೀಲಿಪದಕ್ಕೆ ಆಟೋಮೌಂಟ್‌ಕೀ, ಉಳಿದುದಕ್ಕೆ ಆಟೋಮೌಂಟ್‌ಇನ್ಫರ್ಮೇಶನ್ ಎಂಬ ಲಕ್ಷಣಗಳು. ಕೀಲಿಪದದಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದ ಉಳಿಯಿತು. ಅಕ್ಷರಮಾಲೆಯ ಇಕ್ಕಟ್ಟು ಮಾತ್ರ, ಪ್ರಚಾರದಲ್ಲಿರುವ ಹಲವು ಪ್ರತಿಗಳಲ್ಲಿ, ಹಾಗೆಯೇ ಮುಂದುವರಿಯಿತು.

ಇವೆರಡರ ನಡುವೆ ಇನ್ನೊಂದು ಪಾಠವೂ ಹುಟ್ಟಿಕೊಂಡಿತು. ಅದರಲ್ಲಿ ವರ್ಗಗಳ ಹೆಸರು ಹೊಸವು, ಎಂದರೆ ಆಟೋಮೌಂಟ್‌ಮ್ಯಾಪ್ ಮತ್ತು ಆಟೋಮೌಂಟ್. ಆದರೆ ಪಟ್ಟಿಯ ಹೆಸರನ್ನು ಓಯು ಲಕ್ಷಣದಲ್ಲಿಯೂ ಕೀಲಿಪದವನ್ನು ಹಳೆಯ ಸಿಎನ್ ಲಕ್ಷಣದಲ್ಲಿಯೂ ಬರೆಯಲಾಗುತ್ತದೆ. ಗ್ರಂಥಸಂಪಾದನೆಯಲ್ಲಿ ಪಳಗಿದವರಿಗೆ ಇಂಥ ಮಿಶ್ರಪಾಠಗಳು ಅಪರಿಚಿತವಲ್ಲ. ಪದ ಬೇರೆಯಾಗಿದ್ದರೆ ಪಾಠಾಂತರವು ಕಣ್ಣಿಗೆ ಬೀಳುತ್ತದೆ. ಪದ ಒಂದೇ ಆಗಿ ಅರ್ಥ ಬೇರೆಯಾದಾಗ ಓದುಗನು ಮೋಸಹೋಗುತ್ತಾನೆ. ಮೊದಲನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರ ಸ್ಪಷ್ಟ. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರವು ವರ್ಗದ ಹೆಸರನ್ನು ಮಾತ್ರ ನೋಡುವವನಿಗೆ ತಿಳಿಯುವುದಿಲ್ಲ.

ಪಟ್ಟಿಯ ಹೆಸರಿನಲ್ಲಿಯೂ ಭೇದವುಂಟು. ಸನ್ ಸಂಪ್ರದಾಯದಲ್ಲಿ ಮೂಲಪಟ್ಟಿಯ ಹೆಸರಿನ ಎರಡು ಪದಗಳ ನಡುವೆ ಅಡಿಗೆರೆ. ಲಿನಕ್ಸ್ ಸಂಪ್ರದಾಯದಲ್ಲಿ ಚುಕ್ಕಿ. ಸೋಲಾರಿಸಿನ ಎಂಟನೆಯ ಆವೃತ್ತಿಯು ನಿಸ್‌ಮ್ಯಾಪ್ ಪಾಠವನ್ನು ಅನುಸರಿಸಿದರೆ ಒಂಬತ್ತನೆಯದು ಆಟೋಮೌಂಟ್‌ಮ್ಯಾಪ್ ಪಾಠಕ್ಕೆ ತಿರುಗಿತು. ಹಳೆಯ ನಮೂದುಗಳನ್ನು ಉಳಿಸಿಕೊಂಡವರು ಒಂದು ಲಕ್ಷಣಕ್ಕೆ ಇನ್ನೊಂದನ್ನು ಸಮೀಕರಿಸುವ ಸಾಲುಗಳನ್ನು ಬರೆದುಕೊಳ್ಳಬೇಕಾಯಿತು.

ಇಷ್ಟಾದರೂ ಪರಿಷ್ಕೃತ ಪಾಠವು ಕರಡಾಗಿಯೇ ಉಳಿದಿದೆ. ಇಂಟರ್‌ನೆಟ್ ಕರಡುಗಳಿಗೆ ಆರು ತಿಂಗಳ ಆಯುಸ್ಸು. ಇದು ಪೂರ್ಣಗೊಳ್ಳದ ಕಾರ್ಯ, ಬೇರೆ ರೀತಿಯಲ್ಲಿ ಇದನ್ನು ಉಲ್ಲೇಖಿಸಬಾರದು ಎಂಬ ಎಚ್ಚರಿಕೆ ಪ್ರತಿ ಕರಡಿನ ಮೊದಲಲ್ಲಿಯೇ ಇರುತ್ತದೆ. ಹೀಗೆ ತನ್ನನ್ನು ಪ್ರಮಾಣವೆಂದು ಹಿಡಿಯಬೇಡಿರೆಂದು ತಾನೇ ಹೇಳುವ ಬರಹವೊಂದು ಕಾರ್ಯತಃ ಪ್ರಮಾಣವಾಗಿ ನಿಂತಿದೆ. ಶಾಸನವಿಲ್ಲದ ಕಡೆ ರೂಢಿಯು ಆಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

೫

ಮೂರು ಪಾಠಗಳಿದ್ದರೆ ಏನು ಬಾಧಕ, ಓದುವ ಯಂತ್ರವೇ ಮೂರನ್ನೂ ಪರೀಕ್ಷಿಸಿ ನೋಡಬಹುದಲ್ಲವೆ, ಎಂಬುದು ಇಲ್ಲಿ ಏಳಬಹುದಾದ ಆಕ್ಷೇಪ. ಲಿನಕ್ಸಿನ ಆಟೋಎಫ್‌ಎಸ್ ಮಾಡುವುದೂ ಅದನ್ನೇ. ಯಾವ ಸ್ಕೀಮಾ ಎಂದು ಆಡಳಿತಗಾರನು ಬರೆದಿಡದಿದ್ದರೆ, ಅದು ಪ್ರಚಲಿತವಾದ ಸ್ಕೀಮಾಗಳನ್ನು ಒಂದೊಂದಾಗಿ ಪರೀಕ್ಷಿಸುತ್ತದೆ. ಯಾವುದರಲ್ಲಿ ನಮೂದು ದೊರೆಯುತ್ತದೆಯೋ ಅದನ್ನೇ ಮುಂದಿನ ಹುಡುಕಾಟಗಳಿಗೂ ಹಿಡಿಯುತ್ತದೆ. ಎಲ್ಲ ಹೆಸರುಗಳಿಗೂ ಸಲ್ಲುವ ನಕ್ಷತ್ರಚಿಹ್ನೆಯ ಸಾಲಿನ ಸಂಗತಿಯೂ ಹೀಗೆಯೇ. ಎಲ್‌ಡ್ಯಾಪಿನ ಶೋಧನಾವಾಕ್ಯದಲ್ಲಿ ಅದೇ ಚಿಹ್ನೆಗೆ ಬೇರೆ ಅರ್ಥವಿರುವುದರಿಂದ ಅದನ್ನು ಸಂಕೇತದಿಂದ ಬರೆಯಬೇಕು. ಕೆಲವರು ಅದರ ಬದಲು ಓರೆಗೆರೆಯನ್ನು ಬರೆಯುತ್ತಾರೆ. ಆದ್ದರಿಂದ ಪ್ರೋಗ್ರಾಮು ಹೆಸರನ್ನೂ ನಕ್ಷತ್ರವನ್ನೂ ಓರೆಗೆರೆಯನ್ನೂ ಕೂಡಿಯೇ ಕೇಳುತ್ತದೆ.

ಈ ಜಾಣ್ಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದರಿಂದ ಸಮಸ್ಯೆ ಪರಿಹಾರವಾಯಿತೆಂಬುದನ್ನು ಒಪ್ಪಲು ನಮಗೆ ಸಾಧ್ಯವಿಲ್ಲ. ಒಂದು ಸಂಸ್ಥೆಯು ಹಳೆಯ ಪಾಠದಿಂದ ಹೊಸ ಪಾಠಕ್ಕೆ ಸಾಗುತ್ತಿದೆಯೆಂದಿಟ್ಟುಕೊಳ್ಳೋಣ. ಅರ್ಧ ನಮೂದುಗಳು ಒಂದು ರೂಪದಲ್ಲಿಯೂ ಉಳಿದರ್ಧ ಇನ್ನೊಂದು ರೂಪದಲ್ಲಿಯೂ ಇವೆ. ಗಣಕವು ಮೊದಲು ಕಂಡ ರೂಪವನ್ನು ಹಿಡಿಯುತ್ತದೆ. ಇನ್ನೊಂದು ರೂಪದಲ್ಲಿರುವುದು ಅದರ ಪಾಲಿಗೆ ಇಲ್ಲ. ಬಳಕೆದಾರನಿಗೆ ಕಾಣುವುದು ಪಟ್ಟಿಯಲ್ಲಿ ದೋಷವಿದೆ ಎಂಬ ಮಾತಲ್ಲ, ಅಂಥ ಕಡತಕೋಶವೇ ಇಲ್ಲ ಎಂಬ ಮಾತು. ತನ್ನ ವರ್ಷಗಳ ಬರಹವೆಲ್ಲ ಸರ್ವರಿನಲ್ಲಿ ಕ್ಷೇಮವಾಗಿದ್ದರೂ ಅವನಿಗೆ ಅದು ಇಲ್ಲವೆಂದೇ ತೋರುತ್ತದೆ. ಅಲ್ಲದೆ ಈ ‘ಇಲ್ಲ’ ಎಂಬ ಉತ್ತರವನ್ನೂ ಆಟೋಮೌಂಟರ್ ಕೆಲಕಾಲ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ; ಬೇರೆ ಏರ್ಪಾಡು ಇಲ್ಲದಿದ್ದರೆ ಅದು ಅರವತ್ತು ಸೆಕೆಂಡುಗಳು.

ದಾಖಲೆಯ ಮೌನವನ್ನು ವಸ್ತುವಿನ ಅಭಾವವೆಂದು ಭಾವಿಸಬಾರದು ಎಂಬುದು ಇತಿಹಾಸದ ವಿದ್ಯಾರ್ಥಿಗೆ ನಾವು ಕಲಿಸುವ ಮೊದಲ ಪಾಠಗಳಲ್ಲಿ ಒಂದು. ಶಾಸನದಲ್ಲಿ ಒಬ್ಬನ ಹೆಸರಿಲ್ಲವೆಂದ ಮಾತ್ರಕ್ಕೆ ಅವನು ಇರಲಿಲ್ಲವೆಂದು ಹೇಳಲಾಗದು. ಈ ಪಟ್ಟಿಗಳನ್ನು ಓದುವ ಯಂತ್ರಕ್ಕೆ ಆ ವಿವೇಕವಿಲ್ಲ. ಅದು ಮೌನವನ್ನು ಅಭಾವವೆಂದೇ ಓದುತ್ತದೆ. ಓದುವವನಿಗೆ ವಿವೇಕವಿಲ್ಲದ ಕಡೆ ಬರೆಯುವ ನಿಯಮವು ಒಂದೇ ಆಗಿರಬೇಕು. ನಮ್ಮ ವಿಮರ್ಶೆಯ ಮುಖ್ಯ ಆಶಯ ಇದೇ.

೬

ರೂಪಾಂತರದಲ್ಲಿ ಅಳಿದುದೇನು, ಉಳಿದುದೇನು ಎಂಬ ಪ್ರಶ್ನೆಯನ್ನು ಈಗ ಎತ್ತಿಕೊಳ್ಳಬಹುದು. ಸಾಮಾನ್ಯ ಕಡತದಲ್ಲಿ ಬರೆದ ಪಟ್ಟಿಗೆ ಒಂದು ಕ್ರಮವಿದೆ: ಮೇಲಿನದು ಮೊದಲು, ಕೆಳಗಿನದು ಆಮೇಲೆ. ಡೈರೆಕ್ಟರಿಯಲ್ಲಿ ನಮೂದುಗಳಿಗೆ ಅಂಥ ನಿಯತಕ್ರಮವಿಲ್ಲ. ಕಡತದ ಮೂಲಪಟ್ಟಿಯಲ್ಲಿ ನೇರಜೋಡಣೆಯನ್ನು ಸೂಚಿಸುವ ಒಂದೇ ಕೀಲಿಪದವು ಎರಡು ಸಾಲುಗಳಲ್ಲಿ ಬರಬಹುದು. ಡೈರೆಕ್ಟರಿಯಲ್ಲಾದರೋ ಒಂದೇ ತಾಯಿಯ ಕೆಳಗೆ ಒಂದೇ ಹೆಸರಿನ ಎರಡು ನಮೂದುಗಳು ನಿಲ್ಲಲಾರವು. ಫ್ರೀಐಪಿಎ ಎಂಬ ವ್ಯವಸ್ಥೆಯಲ್ಲಿ ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದಾರೆ: ಕೀಲಿಪದದ ಜೊತೆಗೆ ಪಟ್ಟಿಯ ಹೆಸರನ್ನೂ ಸೇರಿಸಿ ವಿವರಣೆಯ ಲಕ್ಷಣದಲ್ಲಿ ಬರೆದು, ಅದನ್ನೇ ನಮೂದಿನ ಹೆಸರಾಗಿ ಬಳಸುತ್ತಾರೆ. ಉಪಾಯವೇನೋ ಸಮರ್ಪಕವೇ, ಆದರೆ ಮನುಷ್ಯನು ಓದಬೇಕಾದ ವಿವರಣೆಯು ಇಲ್ಲಿ ಯಂತ್ರದ ಗುರುತಾಗಿಬಿಟ್ಟಿದೆ.

ಇದಕ್ಕಿಂತ ದೊಡ್ಡ ನಷ್ಟ ಟಿಪ್ಪಣಿಗಳದು. ಕಡತದಲ್ಲಿ ಬರೆಯುತ್ತಿದ್ದ ಆಡಳಿತಗಾರನು ಸಾಲಿನ ಮೇಲೆ ತನ್ನ ಕಾರಣವನ್ನೂ ಬರೆದಿಡಬಹುದಾಗಿತ್ತು: ಈ ಡಿಸ್ಕನ್ನು ಏಕೆ ಸ್ಥಳಾಂತರಿಸಿತು, ಈ ವಿಕಲ್ಪವನ್ನು ಯಾರ ಕೋರಿಕೆಯಿಂದ ಸೇರಿಸಿತು, ಯಾವಾಗ ತೆಗೆಯಬೇಕು ಇತ್ಯಾದಿ. ಎನ್‌ಐಎಸ್ ಪಟ್ಟಿಯಲ್ಲಿ ಈ ಟಿಪ್ಪಣಿಗಳು ಹಂಚಿಕೆಯಾಗುತ್ತಿರಲಿಲ್ಲ ನಿಜ; ಆದರೆ ಪಟ್ಟಿಯನ್ನು ತಯಾರಿಸಿದ ಮೂಲಕಡತವು ಸರ್ವರಿನಲ್ಲಿ ಉಳಿದಿರುತ್ತಿತ್ತು. ಡೈರೆಕ್ಟರಿಯ ಪದ್ಧತಿಯಲ್ಲಿ ನಮೂದೇ ಮೂಲ, ನಮೂದೇ ಪ್ರತಿ. ಅಂಚಿನ ಬರಹಗಳಿಗೆ ಅಲ್ಲಿ ತಾವಿಲ್ಲ. ವಿವರಣೆಯ ಲಕ್ಷಣವೊಂದನ್ನು ಮೂರು ಪಾಠಗಳೂ ಐಚ್ಛಿಕವಾಗಿ ಒದಗಿಸಿವೆ. ಆದರೆ ಐಚ್ಛಿಕವಾದುದು ಖಾಲಿಯಾಗಿ ಉಳಿಯುವುದೇ ಹೆಚ್ಚು.

ಲಾಭವೂ ಇಲ್ಲದಿಲ್ಲ. ನಮೂದನ್ನು ಯಾರು ಸೃಷ್ಟಿಸಿದರು, ಯಾವಾಗ ಸೃಷ್ಟಿಸಿದರು, ಕೊನೆಯಲ್ಲಿ ಯಾರು ಯಾವಾಗ ತಿದ್ದಿದರು ಎಂಬ ನಾಲ್ಕು ಸಂಗತಿಗಳನ್ನು ಡೈರೆಕ್ಟರಿಯು ತಾನಾಗಿ ದಾಖಲಿಸಬಲ್ಲದು. ಹಳೆಯ ಕಡತದಲ್ಲಿ ಪ್ರತಿ ಸಾಲಿಗೂ ಇಂಥ ಸಾಕ್ಷ್ಯವಿರಲಿಲ್ಲ. ಆದರೆ ಕೊನೆಯ ತಿದ್ದುಪಡಿಗೆ ಹಿಂದಿನ ತಿದ್ದುಪಡಿಗಳು ನಮೂದಿನಲ್ಲಿ ಉಳಿಯುವುದಿಲ್ಲ. ಹಿಂದಿನ ಮೌಲ್ಯವೂ ಉಳಿಯುವುದಿಲ್ಲ. ಯಾರು ಬರೆದರೆಂಬುದು ತಿಳಿಯುತ್ತದೆ, ಏಕೆ ಬರೆದರೆಂಬುದು ತಿಳಿಯುವುದಿಲ್ಲ. ಇತಿಹಾಸಕ್ಕೆ ಎರಡೂ ಬೇಕು.

೭

ಈ ವಿಚಾರಣೆಯಿಂದ ಫಲಿಸುವ ನಿರ್ಣಯಗಳನ್ನು ಹೇಳಿ ಮುಗಿಸುತ್ತೇವೆ. ಆರ್‌ಎಫ್‌ಸಿ ೨೩೦೭ ತನ್ನ ಕಾಲದ ಅಗತ್ಯವನ್ನು ಅರಿತ ಉಪಯುಕ್ತ ಕೃತಿ. ಚದರಿಹೋಗಿದ್ದ ಮಾಹಿತಿಯನ್ನು ಒಂದು ಕಡೆ ತಂದು ಅದಕ್ಕೆ ರಕ್ಷಣೆ ದೊರಕಿಸಿದುದು ಅದರ ಸಾಧನೆ. ಆಟೋಮೌಂಟರನ್ನು ಸಾಮಾನ್ಯ ವರ್ಗಕ್ಕೆ ಬಿಟ್ಟುದು ಅದರ ಕೊರತೆ. ಆ ಕೊರತೆಯನ್ನು ತುಂಬಿದ ಪರಿಷ್ಕೃತ ಪಾಠವು ಮೂರರಲ್ಲಿ ಉತ್ತಮವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಕೀಲಿಪದವನ್ನು ಅದರ ಸ್ವರೂಪದಲ್ಲಿಯೇ ಕಾಪಾಡುವುದು ಅದೊಂದೇ. ಆದರೆ ಅದನ್ನು ಕರಡಿನ ಸ್ಥಿತಿಯಲ್ಲಿಯೇ ಬಿಟ್ಟುದರಿಂದ ಅದರ ಅಧಿಕಾರವು ಅನಿಶ್ಚಿತವಾಗಿ ಉಳಿದಿದೆ. ಅದನ್ನು ಪೂರ್ಣಗೊಳಿಸಿ, ಮೌಲ್ಯಗಳಿಗೆ ಎಲ್ಲ ಲಿಪಿಗಳನ್ನೂ ಒಪ್ಪುವ ಅಕ್ಷರಮಾಲೆಯನ್ನು ನಿಯಮಿಸಿ, ಪ್ರಮಾಣವಾಗಿ ಘೋಷಿಸುವುದು ಇನ್ನೂ ಆಗಬೇಕಾದ ಕೆಲಸ.

ಅಲ್ಲಿಯವರೆಗೆ, ವಿಶ್ವವಿದ್ಯಾನಿಲಯಗಳಲ್ಲಿ ಇಂಥ ಜಾಲಗಳನ್ನು ನಡೆಸುವವರು ಮೂರು ನಿಯಮಗಳನ್ನು ಪಾಲಿಸಬಹುದು. ಯಾವ ಪಾಠವನ್ನು ಬಳಸುತ್ತೇವೆಂಬುದನ್ನು ಯಂತ್ರದ ಊಹೆಗೆ ಬಿಡದೆ ಪ್ರತಿ ಗಣಕದಲ್ಲಿಯೂ ಸ್ಪಷ್ಟವಾಗಿ ಬರೆದಿಡುವುದು. ಒಂದೇ ಡೈರೆಕ್ಟರಿಯಲ್ಲಿ ಎರಡು ಪಾಠಗಳನ್ನು ಬೆರಸದಿರುವುದು. ಪ್ರತಿ ನಮೂದಿನ ಕಾರಣವನ್ನು ವಿವರಣೆಯ ಲಕ್ಷಣದಲ್ಲಿ ದಾಖಲಿಸುವುದು. ಮೊದಲಿನ ಎರಡು ನಿಯಮಗಳು ಇಂದಿನ ಬಳಕೆದಾರನ ಹಿತಕ್ಕಾಗಿ. ಅವನ ಬರಹ ಇದ್ದೂ ಇಲ್ಲದಂತಾಗುವುದನ್ನು ಅವು ತಪ್ಪಿಸುತ್ತವೆ. ಮೂರನೆಯದು ನಾಳೆ ಅದೇ ಪಟ್ಟಿಯನ್ನು ಕೈಗೆತ್ತಿಕೊಂಡು ಪ್ರತಿ ಸಾಲಿನ ಮುಂದೆಯೂ ಇದು ಏಕೆ ಎಂದು ಕೇಳಬೇಕಾದವನ ಹಿತಕ್ಕಾಗಿ.